ಸಾಯುತ್ತಿದ್ದ ವಾಲ್ವು

ರೇಡಿಯೋ ಪೂರ್ತಿ ಸತ್ತಿದ್ದರೆ ಪೂವಮ್ಮ ಒಂದು ದಿನ ಅತ್ತು ಸುಮ್ಮನಾಗುತ್ತಿದ್ದಳು. ಅದು ಸಾಯಲೂ ಇಲ್ಲ, ಸರಿಯಾಗಿ ಬದುಕಲೂ ಇಲ್ಲ. ಬೆಂಗಳೂರು ಬರುತ್ತಿತ್ತು, ಕಲ್ಲಿಕೋಟೆ ಬರುತ್ತಿತ್ತು, ಹಾಡು ಹರಿಕಥೆ ಎಲ್ಲ ಬರುತ್ತಿತ್ತು. ಗುಂಡಿಯನ್ನು ಶಾರ್ಟ್ ವೇವಿಗೆ ತಿರುಗಿಸಿದೊಡನೆ ಮಾತ್ರ ಪಾಳು ಬಾವಿಗೆ ಕಿವಿಯಿಟ್ಟಂತೆ ಒಂದು ಟೊಳ್ಳು ಸದ್ದು, ಅಷ್ಟೆ. ಅವಳಿಗೆ ಬೇಕಾಗಿದ್ದ ದನಿ ಇದ್ದದ್ದು ಆ ಶಾರ್ಟ್ ವೇವಿನಲ್ಲೇ. ದೇವರ ತಮಾಷೆಗೂ ಒಂದು ಮಿತಿ ಬೇಡವೇ!

ಅವಳ ಗಂಡ ಮೊಣ್ಣಪ್ಪ ಸೈನ್ಯದಲ್ಲಿ ನಾಯಕ್. ವೈರ್‌ಲೆಸ್ಸಿನ ಕೆಲಸ. ಚೀನಾದವರು ಹಿಮಾಲಯ ಇಳಿದು ಬಂದ ವರ್ಷ ಅದು. ದಸರಾ ಮುಗಿಯುವಷ್ಟರಲ್ಲಿ ಯುದ್ಧ ಶುರುವಾಗಿ, ಭತ್ತ ಹಣ್ಣಾಗುವಷ್ಟರಲ್ಲಿ ನಿಂತೂ ಹೋಯಿತು. ನಿಂತ ಮೇಲೆ ಮೂರ್ನಾಡಿನ ಅಂಚೆಯವನು ಬೆವರೊರೆಸುತ್ತಾ ತಂತಿ ತಂದುಕೊಟ್ಟ. ಮೊಣ್ಣಪ್ಪ ಕಾಣೆಯಾಗಿದ್ದಾನೆ ಎಂದು ಅದರಲ್ಲಿತ್ತು. ಸತ್ತಿದ್ದಾನೆ ಎಂದಲ್ಲ, ಇದ್ದಾನೆ ಎಂದೂ ಅಲ್ಲ. ಸಂತೆಯಲ್ಲಿ ಕಳೆದುಹೋದ ಕೊಡೆಯ ಬಗ್ಗೆ ಹೇಳುವಂತೆ, ಕಾಣೆಯಾಗಿದ್ದಾನೆ. ಅವತ್ತಿನಿಂದ ಅಂಗಳದಲ್ಲಿ ನಾಯಿ ಬೊಗಳಿದರೂ ಪೂವಮ್ಮ ಕೈಯ ಕೆಲಸ ಬಿಟ್ಟು ಜಗುಲಿಗೆ ಓಡುತ್ತಿದ್ದಳು.

ಅಷ್ಟರಲ್ಲಿ ಸೋಮವಾರಪೇಟೆ ಬಸ್ಸಿನಲ್ಲಿ ಬಂದವರು ಒಂದು ಸುದ್ದಿ ತಂದರು. ಸಂಜೆ ದೀಪ ಹಚ್ಚುವ ಹೊತ್ತಿಗೆ ಚೀನಾದ ರೇಡಿಯೋದವರು ಹಿಂದಿಯಲ್ಲಿ, ತಾವು ಸೆರೆಹಿಡಿದವರ ಹೆಸರು ಓದುತ್ತಾರಂತೆ. ಆ ಕಡೆಯ ಯಾರೋ ಒಬ್ಬ ಹೈದನ ಹೆಸರು ಬಂತಂತೆ, ಮನೆಯವರು ಕುಣಿದಾಡಿದರಂತೆ. ಅಂತೆ ಕಂತೆ ಎಂದು ತಳ್ಳಿಹಾಕಬಹುದಿತ್ತು. ಮುಳುಗುವವಳಿಗೆ ಹುಲ್ಲುಕಡ್ಡಿಯೂ ಆಸರೆ ಅಲ್ಲವೇ? ಗಂಡನ ಜೊತೆ ಪೂನಾದ ಕ್ವಾರ್ಟರ್ಸಿನಲ್ಲಿ ಇದ್ದು ಬಂದ ಪೂವಮ್ಮನಿಗೆ ಹಿಂದಿ ಚೆನ್ನಾಗಿಯೇ ತಿಳಿಯುತ್ತಿತ್ತು. ಮನೆಯಲ್ಲಿ ಬೇರೆ ಯಾರಿಗೂ ತಿಳಿಯುತ್ತಿರಲಿಲ್ಲ.

ರೇಡಿಯೋ ಮೊಣ್ಣಪ್ಪನದೇ. ಊರು ಬಿಟ್ಟುಹೋದ ಬಿಳಿ ದೊರೆಯೊಬ್ಬ ಬಂಗಲೆಯ ಸಾಮಾನೆಲ್ಲ ಮಾರಿದಾಗ ತಂದದ್ದು. ಮನೆಗೆ ಕರೆಂಟಿರಲಿಲ್ಲ, ಬ್ಯಾಟರಿಯಲ್ಲಿ ನಡೆಯುವ ಸೆಟ್ಟು. "ಈ ಮುದಿ ಪೆಟ್ಟಿಗೆ ಎಂತಕೆ ತಂದೆ ಮಾರಾಯ?" ಎಂದು ಅಣ್ಣ ಬೆಳ್ಯಪ್ಪ ನಕ್ಕಾಗ ಮೊಣ್ಣಪ್ಪ, "ಹಳತು ಅಂತ ಎಸೆಯೋದಲ್ಲ ಅಣ್ಣ. ಎಲ್ಲಿ ಕೆಟ್ಟದೆ ಅಂತ ಹುಡುಕಿ ಅದೊಂದನ್ನ ಬದಲಾಯ್ಸಿದ್ರೆ ಇನ್ನೊಂದು ತಲೆಮಾರಿಗೂ ಬರ್ತದೆ," ಎಂದಿದ್ದ. ರಜೆಗೆ ಬಂದಾಗಲೆಲ್ಲ ಅದರ ಬೆನ್ನು ಬಿಚ್ಚಿ ಕೂರುತ್ತಿದ್ದ. ಈಗ ಬೆನ್ನು ಬಿಚ್ಚುವವನೇ ಇಲ್ಲ.

ಬೇರೆಯವರ ರೇಡಿಯೋದಲ್ಲಿ ಕೇಳಬಹುದಿತ್ತಲ್ಲ ಎನ್ನುತ್ತೀರಿ. ಹೋಗಿ ಬೇಡಿ ನೋಡಿದ್ದಳು. ಪಕ್ಕದ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಸಣ್ಣಸ್ವಾಮಿಯ ಮನೆಯಲ್ಲಿ ಒಳ್ಳೆಯ ಸೆಟ್ಟಿತ್ತು. ಅವನು ಬಾಗಿಲಲ್ಲೇ ಕೈ ಮುಗಿದ. "ಬೇರೆ ಏನ್ ಬೇಕಾದ್ರೂ ಕೇಳಿ ಅಕ್ಕಾ. ಶತ್ರುಗಳ ರೇಡಿಯೋ ಕೇಳಿದ್ರೆ ಹಿಡ್ಕೊಂಡು ಹೋಗ್ತಾರಂತೆ. ನಾನು ಮಕ್ಕಳೊಂದಿಗ." ನಿಜವೋ ಸುಳ್ಳೋ ಯಾರಿಗೆ ಗೊತ್ತು, ಆ ದಿನಗಳಲ್ಲಿ ಎಲ್ಲರೂ ಗೋಡೆಗೆ ಕಿವಿಯಿದೆ ಎಂದೇ ಮಾತಾಡುತ್ತಿದ್ದರು. ಇದ್ದುದೊಂದೇ ದಾರಿ, ಗಂಗಣ್ಣನ ಅಂಗಡಿ.

ಗಂಗಣ್ಣ ಹಾಸನದ ಕಡೆಯಿಂದ ಕುಶಾಲನಗರಕ್ಕೆ ಬಂದು, ಅಲ್ಲಿಂದ ಮೂರ್ನಾಡಿಗೆ ಬಂದು ನಿಂತವನು. ಟಾರ್ಚು, ಪೆಟ್ರೋಮ್ಯಾಕ್ಸು, ಗಡಿಯಾರ, ರೇಡಿಯೋ, ಏನು ಕೊಟ್ಟರೂ ಬಿಚ್ಚುತ್ತಿದ್ದ. ಬಿಚ್ಚಿದ್ದನ್ನೆಲ್ಲ ಮತ್ತೆ ಜೋಡಿಸುತ್ತಿದ್ದನೇ ಎಂದು ಊರವರು ಅಣಕಿಸುವುದುಂಟು. ಪೂವಮ್ಮನ ಪೆಟ್ಟಿಗೆಯನ್ನು ಅಂಗಡಿಯ ಒಳಕೋಣೆಗೆ ಒಯ್ದು, ಬೆನ್ನು ತೆಗೆದು, ಹೆಬ್ಬೆರಳಿನಷ್ಟು ದೊಡ್ಡ ಗಾಜಿನ ವಾಲ್ವೊಂದನ್ನು ಮುಟ್ಟಿ ತೋರಿಸಿದ.

"ಇಲ್ಲೈತೆ ನೋಡವ್ವ ರೋಗ. ಸ್ಟೇಷನ್ ಹಿಡಿಯೋದೇ ಇದು. ಮುದಿಯಾಗೋಗೈತೆ. ಬೆಂಗಳೂರು ಗಿಂಗಳೂರು ಹೆಂಗೋ ಹಿಡೀತದೆ, ಶಾರ್ಟ್ ವೇವ್ ಅಂದ್ರೆ ನನ್ ಕೈಲಾಗಲ್ಲ ಅಂತ ಕೂರ್ತದೆ."

"ಬೇರೆ ಹಾಕಿ ಗಂಗಣ್ಣ."

"ಇದ್ದಿದ್ರೆ ಹಾಕ್ತಿರ್ಲಿಲ್ವಾ? ಹಳೇ ಕಾಲದ್ದಿದು. ಮೈಸೂರಿನ ಅಂಗಡಿಗೆ ಹೇಳಿ ಕಳಿಸ್ತೀನಿ. ಅವರು ಮದರಾಸಿಂದ ತರಿಸ್ಬೇಕು. ಅಷ್ಟೊತ್ತಿಗೆ ನಿಮ್ಮ ಹುತ್ತರಿ ಹಬ್ಬ ಕಳ್ದಿರ್ತದೆ."

"ಬೇರೆ ಯಾವ ದಾರಿಯೂ ಇಲ್ಲವಾ?"

ಗಂಗಣ್ಣ ಬೀದಿಯ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದ. "ಒಂದೈತೆ. ಇನ್ನೊಂದು ಟಾರ್ಚ್ ಸೆಲ್ಲು ಸೇರಿಸಿ ಇದಕ್ಕೆ ಜಾಸ್ತಿ ಶಕ್ತಿ ಕೊಟ್ರೆ ಎದ್ದು ಕೂರ್ತದೆ. ದೀಪದ ಬತ್ತಿ ಎತ್ತಿದಂಗೆ. ಬೆಳಕೂ ಜಾಸ್ತಿ, ಬತ್ತಿ ಸುಡೋದೂ ಬೇಗ. ಒಂದು ಸಂಜೆ ಪೂರ್ತಿ ಬಂದ್ರೂ ಬಂತು, ಒಂದು ಗಳಿಗೆ ಬಂದ್ರೂ ಬಂತು. ಒಳಗಿನ ಎಳೆ ಸುಟ್ಟೋಯ್ತು ಅನ್ನು, ಬೆಂಗಳೂರೂ ಇಲ್ಲ, ಮಣ್ಣೂ ಇಲ್ಲ. ನಿನ್ನ ಯಜಮಾನ್ರ ಪೆಟ್ಟಿಗೆ ಕಣವ್ವ, ನೀನೇ ಹೇಳ್ಬೇಕು."

ಪೂವಮ್ಮ ಆ ಗಾಜಿನ ತುಂಡನ್ನೇ ನೋಡುತ್ತಾ ನಿಂತಳು. ಅವಳ ಬಾಯಿಂದ ಬಂದದ್ದು, "ಹೊಸದೇ ಬರಲಿ ಗಂಗಣ್ಣ. ಕಾಯ್ತೇನೆ," ಎಂಬ ಮಾತು. ಹೇಳಿದ ಮೇಲೆ ಹಗುರವಾಯಿತು. ಅಂಗಡಿಯಿಂದ ಇಳಿದು ಪೆಟ್ಟಿಗೆ ಹೊತ್ತು ಮನೆದಾರಿ ಹಿಡಿದಾಗ, ಹೀಗೇಕೆ ಹಗುರವಾಯಿತು ಎಂದು ತನ್ನನ್ನೇ ಕೇಳಿಕೊಂಡು ಬೆಚ್ಚಿದಳು. ಅವಳಿಗೆ ಪೆಟ್ಟಿಗೆ ಸುಟ್ಟುಹೋಗುವ ಭಯವಿರಲಿಲ್ಲ. ಅವರು ಎಲ್ಲ ಹೆಸರೂ ಓದಿ ಮುಗಿಸಿ, ಅದರಲ್ಲಿ ಮೊಣ್ಣಪ್ಪನ ಹೆಸರು ಇಲ್ಲದೇ ಹೋದರೆ? ಕೇಳುವವರೆಗೆ ಅವನು ಇದ್ದಾನೆ. ಕೇಳಿದ ಮೇಲೆ ಏನೋ.

ಮನೆಯಲ್ಲಿ ಅತ್ತೆ ಬೊಳ್ಳಮ್ಮ ಜಗುಲಿಯ ಮೇಲೆ ಕಾಯುತ್ತಾ ಕೂತಿದ್ದಳು. ಗಂಡ ಸತ್ತ ಮೇಲೆ ಇಬ್ಬರು ಗಂಡುಮಕ್ಕಳನ್ನು ಕಟ್ಟಿಕೊಂಡು ಗದ್ದೆ ಉಳುಮೆ ಮಾಡಿಸಿದ ಹೆಂಗಸು. ಅವಳ ಕಣ್ಣು ತಪ್ಪಿಸಿ ಆ ಮನೆಯಲ್ಲಿ ಒಂದು ಮೊಟ್ಟೆಯೂ ಒಡೆಯುತ್ತಿರಲಿಲ್ಲ.

"ಗಂಗಣ್ಣ ಎಂತ ಹೇಳ್ದ?"

ಪೂವಮ್ಮ ಎರಡು ದಾರಿಯನ್ನೂ ಹೇಳಿದಳು. ಮುಚ್ಚಿಡುವುದು ಅವಳಿಗೆ ಬರುತ್ತಿರಲಿಲ್ಲ. "ಹೊಸದು ಬರುವವರೆಗೆ ಕಾಯುವ ಅತ್ತೆ. ಅವರಿಗೆ ಎಷ್ಟು ಪ್ರೀತಿಯ ಪೆಟ್ಟಿಗೆ ಅದು," ಎಂದೂ ಸೇರಿಸಿದಳು.

ಬೊಳ್ಳಮ್ಮ ಬಾಯಿಯ ಎಲೆಯಡಿಕೆಯನ್ನು ಅಂಗಳಕ್ಕೆ ಉಗಿದಳು. "ಪೆಟ್ಟಿಗೆ ಸಾಯ್ಲಿ ಗೂಡೆ," ಎಂದಳು. ಸೊಸೆ ಅವಳಿಗೆ ಯಾವಾಗಲೂ ಗೂಡೆಯೇ, ಹುಡುಗಿ. "ನಾಡಿದ್ದು ಹುತ್ತರಿ. ಈ ಮನೇಲಿ ಕದಿರು ಕೊಯ್ಯೋದಾ ಬೇಡ್ವಾ?"

ಆ ಪ್ರಶ್ನೆಯನ್ನು ಇಷ್ಟು ದಿನ ಮನೆಯವರೆಲ್ಲ ಬಿಸಿ ತುಪ್ಪದಂತೆ ಬಾಯಲ್ಲಿಟ್ಟುಕೊಂಡಿದ್ದರು, ನುಂಗಲೂ ಆಗದೆ ಉಗುಳಲೂ ಆಗದೆ. ಹುತ್ತರಿಯೆಂದರೆ ಹೊಸ ಬೆಳೆಯ ಹಬ್ಬ. ಮನೆಯ ಯಜಮಾನ ಗದ್ದೆಗಿಳಿದು ಭತ್ತದ ಮೊದಲ ಕದಿರು ಕೊಯ್ಯುತ್ತಾನೆ, ಕೋವಿಯಿಂದ ಒಂದು ಗುಂಡು ಹಾರಿಸುತ್ತಾರೆ, ಕದಿರನ್ನು ಮನೆಗೆ ತಂದು ಕಂಬಕ್ಕೆ ಕಟ್ಟಿ ಹೊಸ ಅಕ್ಕಿಯ ಪಾಯಸ ಉಣ್ಣುತ್ತಾರೆ. ಸೂತಕದ ಮನೆಯಲ್ಲಿ ಅದೊಂದೂ ಇಲ್ಲ. ಗಂಡುಮಗು ಹುಟ್ಟಿದರೂ ಒಂದೇ ಗುಂಡು, ಹುತ್ತರಿಗೂ ಒಂದೇ ಗುಂಡು. ಜೋಡಿ ಗುಂಡು ಕೇಳಿತೋ, ನಾಡಿಗೆ ನಾಡೇ ಕೈಯ ಕೆಲಸ ಬಿಟ್ಟು ನಿಲ್ಲುತ್ತದೆ: ಯಾರೋ ಹೋದರು.

"ಗೊತ್ತಿಲ್ಲದೆ ಕೊಯ್ದರೆ ಸತ್ತವನ ಮನೇಲಿ ಹಬ್ಬ ಮಾಡಿದ ಹಾಂಗೆ," ಎಂದಳು ಬೊಳ್ಳಮ್ಮ. "ಗೊತ್ತಿಲ್ಲೆಂತ ಕೊಯ್ಯದೆ ಕೂತರೆ, ಬದುಕಿರೋ ಹೈದನ್ನ ನಾವೇ ಕೊಂದ ಹಾಂಗೆ. ಎರಡೂ ಪಾಪವೇ. ಹೊಸದು ಬರೋವರೆಗೆ ಹುತ್ತರಿ ಕಾಯ್ತದಾ? ನಂಗೆ ಗೊತ್ತಾಗ್ಬೇಕು. ನಾಳೆ ಗಂಗಣ್ಣನ್ನ ಇಲ್ಲಿಗೇ ಕರ್ಸು."

"ಅಮ್ಮ, ಯಾರಾದ್ರೂ ಕೇಳಿಸ್ಕೊಂಡ್ರೆ?" ಎಂದ ಬೆಳ್ಯಪ್ಪ ಒಳಗಿನಿಂದ. ಅವನು ಒಳ್ಳೆಯವನೇ, ಗಾಳಿ ಬೀಸಿದರೂ ಪೊಲೀಸ್ ಬಂದ ಎನ್ನುವ ಜಾತಿ.

"ಕೇಳ್ಲಿ. ಹೆತ್ತವಳು ಮಗನ ಹೆಸರು ಕೇಳ್ತೊಳೆಂತ ಹೇಳು."

ಮರುದಿನ ಸಂಜೆ ಗಂಗಣ್ಣ ತೋಟದ ಒಳದಾರಿಯಲ್ಲೇ ಬಂದ. ಹೆದರಿದ್ದ ಪಾಪ, ಆದರೂ ಬಂದ. ಒಳಮನೆಯ ಕಿಟಕಿ ಮುಚ್ಚಿ, ಬಾಗಿಲಿಗೆ ಕಂಬಳಿ ಇಳಿಬಿಟ್ಟು, ಪೆಟ್ಟಿಗೆಯನ್ನು ಮಣೆಯ ಮೇಲಿಟ್ಟರು. ಬೆಳ್ಯಪ್ಪ ಒಮ್ಮೆ ಹೊರಗೆ ಹೋಗಿ ಅಂಗಳ ನೋಡಿ ಬಂದ, ಮತ್ತೊಮ್ಮೆ ಹೋಗಿ ನೋಡಿ ಬಂದ. ಕೊನೆಗೆ ಬೊಳ್ಳಮ್ಮ, "ಒಂದ್ಕಡೆ ಕೂರು. ನಿನ್ನ ಓಡಾಟ ನೋಡಿಯೇ ಜನ ಸೇರಿಯಾರು," ಎಂದು ಗದರಿದಳು.

ಗಂಗಣ್ಣ ಸೆಲ್ಲು ಸಿಕ್ಕಿಸಿದ. ಯಾವಾಗಲೂ ಕಂಡೂ ಕಾಣದಂತಿರುತ್ತಿದ್ದ ವಾಲ್ವಿನೊಳಗಿನ ಎಳೆ ಕೆಂಪಗೆ ಹೊತ್ತಿತು. "ನೋಡವ್ವ, ಮೈಮೇಲೆ ಬಂತು," ಎಂದು ಪಿಸುಗುಟ್ಟಿ, ಇನ್ನೂ ಹೆಚ್ಚಾಗದಂತೆ ತಂತಿಯನ್ನು ಬೆರಳಲ್ಲಿ ಹಿಡಿದು ಕೂತ. "ನೀನು ಸ್ಟೇಷನ್ ನೋಡ್ಕೊ. ನಾನು ಇದನ್ನ ಬಿಟ್ಟು ಅಲ್ಲಾಡಲ್ಲ."

ಪೂವಮ್ಮ ಗುಂಡಿ ಮುಟ್ಟಿದಳು. ಮೊಣ್ಣಪ್ಪ ಕಲಿಸಿಕೊಟ್ಟಿದ್ದ, ಅವಸರ ಮಾಡಬೇಡ, ಅಕ್ಕಿಯಲ್ಲಿ ಕಲ್ಲು ಹುಡುಕಿದ ಹಾಗೆ ನಿಧಾನ ತಿರುಗಿಸು ಎಂದು. ನಿಧಾನ ತಿರುಗಿಸಿದಳು. ಕೀರಲು, ಕುದಿತ, ಯಾವುದೋ ದೇಶದ ಹಾಡು. ಆಮೇಲೆ ಒಂದು ಗಂಡುದನಿ, ಹಿಂದಿಯಲ್ಲಿ. ಸಿಟ್ಟಿಲ್ಲ, ಸೆಡವಿಲ್ಲ, ಶಾಲೆಯ ಮೇಷ್ಟರು ಹಾಜರಿ ಕರೆದ ಹಾಗೆ. ಮೊದಲು ದರ್ಜೆ, ಆಮೇಲೆ ಹೆಸರು, ಆಮೇಲೆ ಜಿಲ್ಲೆ. ಸಿಪಾಯಿ ಇಂಥವನು, ಇಂಥ ಜಿಲ್ಲೆ. ನಾಯಕ್ ಇಂಥವನು, ಇಂಥ ಜಿಲ್ಲೆ.

"ಎಂತ ಹೇಳ್ತಾನೆ?" ಎಂದಳು ಬೊಳ್ಳಮ್ಮ.

"ಹೆಸರು ಅತ್ತೆ. ಹೆಸರೇ ಓದ್ತಿದ್ದಾರೆ."

ಪಂಜಾಬಿನ ಹೆಸರು, ಗಡ್ವಾಲಿನ ಹೆಸರು, ಮದರಾಸಿನ ಹೆಸರು ಬಂದು ಹೋದವು. ಪ್ರತಿ ಸಲ 'ನಾಯಕ್' ಎಂದೊಡನೆ ಪೂವಮ್ಮನ ಜೀವ ಬಾಯಿಗೆ ಬರುತ್ತಿತ್ತು, ಬೇರೆಯವನ ಹೆಸರು ಕೇಳಿ ಮತ್ತೆ ಇಳಿಯುತ್ತಿತ್ತು. ಎಷ್ಟೊಂದು ತಾಯಂದಿರು ಎಲ್ಲೆಲ್ಲೋ ಹೀಗೇ ಕೂತಿದ್ದಾರೋ ಎಂದುಕೊಂಡಳು. ಹಾಗೆ ಅಂದುಕೊಳ್ಳಲೂ ಭಯವಾಯಿತು, ಆ ಕ್ಷಣದಲ್ಲಿ ಹೆಸರು ತಪ್ಪಿಹೋದರೆ! ವಾಲ್ವಿನ ಕೆಂಪು ಬೆಳ್ಳಗಾಗತೊಡಗಿತ್ತು. ಗಂಗಣ್ಣನ ಹಣೆಯಿಂದ ಬೆವರು ಮೂಗಿನ ತುದಿಗೆ ಇಳಿದಿತ್ತು, ಒರೆಸಿಕೊಳ್ಳಲು ಅವನಿಗೆ ಕೈಯಿರಲಿಲ್ಲ.

"ಹವಾಲ್ದಾರ್ ಮೊಣ್ಣಪ್ಪ," ಎಂದಿತು ದನಿ.

ಟಕ್ ಎಂದು ಒಂದು ಸಣ್ಣ ಸದ್ದಾಯಿತು. ಗಾಜಿನೊಳಗಿನ ಎಳೆ ಒಮ್ಮೆ ಬಿಳುಪಾಗಿ ಮಿಂಚಿ ಕಪ್ಪಾಯಿತು. ಜಿಲ್ಲೆ ಬರಲಿಲ್ಲ. ಟೊಳ್ಳು ಸದ್ದೂ ಬರಲಿಲ್ಲ.

"ಬಾತ್, ಹೆಸರು ಬಂತು!" ಎಂದು ಬೆಳ್ಯಪ್ಪ ಕೂಗಿಯೇಬಿಟ್ಟ, ಪೊಲೀಸಿನ ಭಯವೆಲ್ಲ ಎಲ್ಲಿ ಹೋಯಿತೋ. "ಅಮ್ಮ, ಮೊಣ್ಣಪ್ಪ ಅಂದ! ನನ್ನ ಕಿವಿಯಾರೆ ಕೇಳ್ದೆ! ಹೈದ ಉಟ್ಟು! ನಮ್ಮ ಹೈದ ಬದುಕಿ ಉಟ್ಟು!" ಎಂದು ತಾಯಿಯ ಕಾಲು ಹಿಡಿದು ಅತ್ತ. ಬೊಳ್ಳಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಗಂಗಣ್ಣ ಬೆವರೊರೆಸುತ್ತಾ, "ಹೋದ್ರೆ ಹೋಗ್ಲಿ ಮುದುಕಪ್ಪ, ಒಳ್ಳೇ ಮಾತಾಡೇ ಹೋದ," ಎಂದು ವಾಲ್ವನ್ನು ಬಟ್ಟೆಯಲ್ಲಿ ಹಿಡಿದು ಕಿತ್ತ.

ಪೂವಮ್ಮ ಎಲ್ಲಿ ಕೂತಿದ್ದಳೋ ಅಲ್ಲೇ ಇದ್ದಳು. ಹವಾಲ್ದಾರ್. ಅವಳ ಗಂಡ ನಾಯಕ್. ಹವಾಲ್ದಾರ್ ಅವನ ಮೇಲಿನವನು. ಮೊಣ್ಣಪ್ಪ ಎಂಬ ಹೆಸರು ಕೊಡಗಿನಲ್ಲಿ ಯಾವ ಮನೆಯಲ್ಲಿ ಇಲ್ಲ? ಅಜ್ಜನ ಹೆಸರನ್ನು ಮೊಮ್ಮಗನಿಗಿಟ್ಟು, ಅವನದನ್ನು ಇನ್ನೊಬ್ಬನಿಗಿಟ್ಟು, ಪ್ರತಿ ಕೇರಿಯಲ್ಲೂ ಒಬ್ಬ ಮೊಣ್ಣಪ್ಪ. ಅವರಲ್ಲಿ ಎಷ್ಟು ಜನ ಸೈನ್ಯದಲ್ಲಿಲ್ಲ? ಬಾಳೆಲೆಯ ಕಡೆಯೋ ಮತ್ತೆಲ್ಲೋ ಒಂದು ಮನೆಯಲ್ಲಿ ಒಬ್ಬ ಹವಾಲ್ದಾರ್ ಮೊಣ್ಣಪ್ಪನಿಗಾಗಿ ಕಾಯುತ್ತಿರಬಹುದು, ಅವರ ಸಂತೋಷವನ್ನು ತಾವಿಲ್ಲಿ ಕದ್ದು ಉಣ್ಣುತ್ತಿರಬಹುದು. ಅಥವಾ ಯುದ್ಧದ ನಡುವೆ ಇವನಿಗೇ ಬಡ್ತಿ ಸಿಕ್ಕಿರಬಹುದು. ಹಾಗೂ ಆಗುತ್ತದಂತೆ. ಹೇಳಿಬಿಡಲೇ? ಬಾಯಿ ತೆರೆದಳು. ಭಾವ ಮಗುವಿನಂತೆ ಅಳುತ್ತಿದ್ದ. ಬಾಯಿ ಮುಚ್ಚಿದಳು.

"ಅಲ್ವಾ ಪೂವಮ್ಮ? ಮೊಣ್ಣಪ್ಪ ಅಂದ ಅಲ್ವಾ?" ಎಂದು ಬೆಳ್ಯಪ್ಪ ಕೇಳಿದ.

"ಅಂದ ಭಾವ," ಎಂದಳು. ಅದು ಸುಳ್ಳಲ್ಲವಲ್ಲ.

ಹುತ್ತರಿಯ ದಿನ ಮನೆಗೆ ಸುಣ್ಣ ಬಳಿದರು. ಗೆಣಸು ಬೇಯಿಸಿದರು, ಬಾಳೆಹಣ್ಣು ಕಿವುಚಿ ತಂಬಿಟ್ಟು ಕಲಸಿದರು. ಪೂವಮ್ಮ ಕೆಲಸದ ಮೇಲೆ ಕೆಲಸ ಹುಡುಕಿ ಮಾಡಿದಳು, ಕೈ ನಿಂತರೆ ತಲೆ ಓಡುತ್ತಿತ್ತು. ಒಲೆಯ ಮುಂದೆ ಕೂತರೆ ಆ ಮೇಷ್ಟರ ದನಿ ಒಲೆಯೊಳಗಿನಿಂದಲೇ ಕೇಳುತ್ತಿತ್ತು. ಬೆಳದಿಂಗಳು ಮೂಡಿದೊಡನೆ ಎಲ್ಲರೂ ದೀಪ ಹಿಡಿದು ಗದ್ದೆಗೆ ನಡೆದರು. ಮುಂದೆ ಬೆಳ್ಯಪ್ಪ, ಬಿಳಿಯ ನಿಲುವಂಗಿ, ಕೈಯಲ್ಲಿ ಕುಡುಗೋಲು. ಹಿಂದೆ, ತಟ್ಟೆಯಲ್ಲಿ ಅಕ್ಕಿ ಹರಡಿ ಇಟ್ಟ ತಳಿಯಕ್ಕಿಯ ದೀಪ ಹಿಡಿದು ಪೂವಮ್ಮ. ಸತ್ತವನ ಮನೆಯ ದೀಪವೋ, ಇದ್ದವನ ಮನೆಯ ದೀಪವೋ, ಅವಳಿಗೆ ಗೊತ್ತಿರಲಿಲ್ಲ. ಬತ್ತಿ ಆರಬಾರದು ಎಂದು ಅಂಗೈ ಅಡ್ಡ ಹಿಡಿದು, ಅಂಗೈ ಸುಟ್ಟರೂ ತೆಗೆಯದೆ ನಡೆದಳು.

ಬೆಳ್ಯಪ್ಪ ಕದಿರಿನ ಬುಡ ಹಿಡಿದ. "ಪೊಲಿ ಪೊಲಿ ದೇವಾ!" ಎಂದು ಬೆಳೆ ಹೆಚ್ಚಲೆಂದು ಎಲ್ಲರೂ ಕೂಗಿದರು. ಕುಡುಗೋಲು ಆಡಿತು. ಏರಿಯ ಮೇಲೆ ನಿಂತಿದ್ದ ನೆಂಟನೊಬ್ಬ ಆಕಾಶಕ್ಕೆ ಕೋವಿ ಎತ್ತಿ ಗುಂಡು ಹಾರಿಸಿದ.

ಸದ್ದು ಎದುರು ಗುಡ್ಡಕ್ಕೆ ಬಡಿದು ತಿರುಗಿ ಬಂತು, ಇನ್ನೊಂದು ಗುಂಡಿನ ಹಾಗೆಯೇ. ಹುಟ್ಟಿದಾಗಿನಿಂದ ಕೇಳಿದ ಮರುದನಿ ಅದು, ಯಾರೂ ಗಮನಿಸಲಿಲ್ಲ. ಪೂವಮ್ಮ ಮಾತ್ರ ಜೋಡಿ ಗುಂಡೆಂದೇ ಎಣಿಸಿ ದೀಪವನ್ನು ಎದೆಯ ಹತ್ತಿರಕ್ಕೆ ಎಳೆದುಕೊಂಡಳು. ಅವಳ ಮೊಣಕೈಯನ್ನು ಯಾರೋ ಗಟ್ಟಿಯಾಗಿ ಹಿಡಿದರು. ಬೊಳ್ಳಮ್ಮ.

"ಗೂಡೆ," ಎಂದಳು ಬೊಳ್ಳಮ್ಮ, ಅವಳ ಕಿವಿಗಷ್ಟೇ ಕೇಳುವಂತೆ. "ಹವಾಲ್ದಾರ ದೊಡ್ಡವನಾ, ನಾಯಕ ದೊಡ್ಡವನಾ?"

ಹಿಂದಿ ಬಾರದ ಮುದುಕಿ! ಆದರೆ ಮಗನ ತಂತಿಯನ್ನು ಎಷ್ಟು ಸಲ ಓದಿಸಿ ಕೇಳಿದ್ದಳು, ಅದರ ಮೊದಲ ಮಾತೇ ನಾಯಕ್. ಆ ಸಂಜೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡದ್ದು ಅಳುವುದಕ್ಕಲ್ಲ.

"ಹವಾಲ್ದಾರ್ ದೊಡ್ಡದು ಅತ್ತೆ."

ಬೊಳ್ಳಮ್ಮ ಹಿಡಿದ ಕೈ ಸಡಿಲಿಸಲಿಲ್ಲ. "ಹಾಂಗಾರೆ ಹೈದನಿಗೆ ದೊಡ್ಡ ಕೆಲ್ಸ ಕೊಟ್ಟಿರ್ಬೇಕು," ಎಂದಳು. "ನಡಿ. ಕದಿರು ಮನೆ ಸೇರ್ಲಿ."

ಆ ರಾತ್ರಿ ಪಾಯಸ ಬಡಿಸುವಾಗ ಬೊಳ್ಳಮ್ಮ ಮೊಣ್ಣಪ್ಪನ ಹೆಸರಿನಲ್ಲಿ ಒಂದು ಎಲೆ ಹಾಕಿಸಿದಳು. ಬೆಳ್ಯಪ್ಪ ಖುಷಿಯಲ್ಲಿ ಎರಡು ಸಲ ಬಡಿಸಿಕೊಂಡ. ಅತ್ತೆ ಸೊಸೆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ ಉಂಡರು. ಹೊಸ ಅಕ್ಕಿಯ ಆ ಪಾಯಸವನ್ನು ಪೂವಮ್ಮ ಒಂದು ಅಗುಳೂ ಬಿಡದೆ ನುಂಗಿದಳು.

ಹಬ್ಬ ಕಳೆದು ಗದ್ದೆ ಕೊಯ್ಲು ಮುಗಿಯುವ ಹೊತ್ತಿಗೆ ಗಂಗಣ್ಣ ಒಂದು ಬೆಳಿಗ್ಗೆ ನಗುತ್ತಾ ಬಂದ. ಹತ್ತಿಯಲ್ಲಿ ಸುತ್ತಿದ ಸಣ್ಣ ಪೊಟ್ಟಣವನ್ನು ಜಗುಲಿಯ ಮೇಲಿಟ್ಟ.

"ಬಂತು ಕಣವ್ವ, ಮದರಾಸಿಂದ. ಹೊಚ್ಚ ಹೊಸದು. ಈಗ ಹಾಕಿದ್ರೆ ಸಂಜೆಗೆ ಚೀನಾ ಏನು, ಚಂದ್ರಲೋಕದ ಸ್ಟೇಷನ್ನೂ ಹಿಡೀತದೆ. ಹೆಸರು ಓದೋದು ಇನ್ನೂ ನಡೀತಾ ಐತಂತೆ. ನಿಮ್ಮೋರ ಊರು ವಿಳಾಸ ಎಲ್ಲ ಸರಿಯಾಗಿ ಕೇಳ್ಕೊಬೋದು. ಪೆಟ್ಟಿಗೆ ತತ್ತಾ."

ಪೂವಮ್ಮ ಏಳಲಿಲ್ಲ. ಪೊಟ್ಟಣದ ಬಾಯಲ್ಲಿ ಗಾಜು ಬಿಸಿಲಿಗೆ ಹೊಳೆಯುತ್ತಿತ್ತು. ಅದರೊಳಗಿನ ಎಳೆ ಗಟ್ಟಿ ಇದೆ, ಸುಡುವುದಿಲ್ಲ, ನಡುವೆ ನಿಲ್ಲುವುದಿಲ್ಲ, ಎಲ್ಲವನ್ನೂ ಕೊನೆಯವರೆಗೆ ಓದಿಯೇ ಓದುತ್ತದೆ. ಅದೇ ಅವಳ ಭಯ. ಅವಳು ಅತ್ತೆಯ ಕಡೆ ನೋಡಿದಳು. ಗೊತ್ತಾಗಲೇಬೇಕು ಎಂದು ಹಟ ಹಿಡಿದವಳು ಅವಳೇ ತಾನೆ.

ಬೊಳ್ಳಮ್ಮ ಒಳಗಿನಿಂದ ಬಂದು ಜಗುಲಿಯ ಅಂಚಿಗೆ ಕೂತಳು. ಪೊಟ್ಟಣವನ್ನು ಕೈಗೆತ್ತಿಕೊಂಡು, ಹಕ್ಕಿಯ ಮರಿಯನ್ನು ಹಿಡಿದಂತೆ ಸ್ವಲ್ಪ ಹೊತ್ತು ಹಿಡಿದಿದ್ದಳು.

"ಬೇಡ ಗಂಗಣ್ಣ," ಎಂದಳು.

"ಅಲ್ಲ ತಾಯಿ, ಆವತ್ತು ನೀವೇ..."

"ಆವತ್ತು ಕದಿರು ಕೊಯ್ಯೋದಿತ್ತು. ಕೊಯ್ದು ಆತ್. ಇನ್ನು ಬರೋದು ಬರೋ ದಾರೀಲಿ ಬರ್ಲಿ. ನಾವಾಗಿ ಕರೆಯೋದು ಬೇಡ." ಪೊಟ್ಟಣದ ಬಾಯನ್ನು ಹತ್ತಿಯಿಂದ ಮತ್ತೆ ಮುಚ್ಚಿದಳು. "ಕೂತ್ಕೊ. ಕಾಫಿ ಕುಡ್ದು ಹೋಗು."

ಗಂಗಣ್ಣ ಅತ್ತೆಯ ಮುಖ ನೋಡಿದ, ಸೊಸೆಯ ಮುಖ ನೋಡಿದ. ಏನು ಅರ್ಥವಾಯಿತೋ, ಚಪ್ಪಲಿ ಕಳಚಿ ಜಗುಲಿಯ ಮೇಲೆ ಕೂತ. ಪೂವಮ್ಮ ಕಾಫಿ ತಂದಿಟ್ಟಳು. ಬೊಳ್ಳಮ್ಮ ಪೊಟ್ಟಣವನ್ನು ಸೆರಗಿನ ತುದಿಯಲ್ಲಿ ಗಂಟು ಹಾಕಿಕೊಂಡು ಒಳಗೆ ಹೋಗಿ, ಹುತ್ತರಿಯ ಕದಿರು ಕಟ್ಟಿದ್ದ ಕಂಬದ ಪಕ್ಕದ ಗೂಡಿನಲ್ಲಿ ಇಟ್ಟಳು. ಆ ಮನೆಯಲ್ಲಿ ಆಮೇಲೆ ಯಾರೂ ಅದನ್ನು ಮುಟ್ಟಲಿಲ್ಲ.